ಕನೆಕ್ಷನ್ ಪಡೆಯುವ ಕೋಡ್ ಸರಿಯಿಲ್ಲದಿದ್ದರೆ ಹೊಸ ಸರ್ವರ್ ಖರೀದಿಯಿಂದ ಪ್ರಯೋಜನವಿಲ್ಲ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ತಮ್ಮ ಪತ್ರಿಕೆಯ ಓದುಗರ ಅಂಕಣಕ್ಕೆ ವರ್ಷವಿಡೀ ಒಂದಲ್ಲ ಒಂದು ಊರಿನಿಂದ ಬರುವ ದೂರಿನ ಒಕ್ಕಣೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಪಹಣಿ ತೆಗೆಸಲು ಹೋದರೆ, ಪಡಿತರ ತರಲು ಹೋದರೆ, ಕ್ರಯಪತ್ರದ ನೋಂದಣಿಗೆ ಹೋದರೆ, ಕಡೆಗೆ ಪಾಸ್‌ಬುಕ್ ಮುದ್ರಿಸಿಕೊಳ್ಳಲು ಹೋದರೂ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಉತ್ತರ ಸಿಗುತ್ತದೆ ಎಂಬುದು ಆ ದೂರು. ಅದಕ್ಕೆ ಸಂಬಂಧಪಟ್ಟವರಿಂದ ಬರುವ ಸ್ಪಷ್ಟನೆಯೂ ಬಹುಮಟ್ಟಿಗೆ ಒಂದೇ: ಬಳಕೆದಾರರ ಸಂಖ್ಯೆ ಹೆಚ್ಚಾಗಿದೆ, ಸರ್ವರ್‌ನ ಸಾಮರ್ಥ್ಯವನ್ನು ಶೀಘ್ರದಲ್ಲೇ ಹೆಚ್ಚಿಸಲಾಗುವುದು. ಬ್ಯಾಂಕು ಮತ್ತು ವಿಮೆಯ ತಂತ್ರಾಂಶಗಳನ್ನು ಬರೆಯುವುದರಲ್ಲಿ, ಅದಕ್ಕಿಂತ ಹೆಚ್ಚಾಗಿ ಬೇರೆಯವರು ಬರೆದದ್ದನ್ನು ದುರಸ್ತಿ ಮಾಡುವುದರಲ್ಲಿ ಸೇವಾವಧಿ ಕಳೆದು ನಿವೃತ್ತನಾದವನು ನಾನು. ಈ ಸ್ಪಷ್ಟನೆ ಎಷ್ಟೋ ಸಲ ರೋಗ ಒಂದಿದ್ದರೆ ಔಷಧ ಇನ್ನೊಂದಕ್ಕೆ ಕೊಟ್ಟಂತೆ ಇರುತ್ತದೆ ಎಂದು ನನಗೆ ಅನ್ನಿಸುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಯಾವ ಇಲಾಖೆಯ ಮೇಲೂ ಬೊಟ್ಟು ಮಾಡುವ ಉದ್ದೇಶ ಇದರಲ್ಲಿಲ್ಲ. ಪತ್ರ ಸ್ವಲ್ಪ ದೀರ್ಘವಾದರೆ ಕ್ಷಮೆಯಿರಲಿ.

ನಾನು ಕಂಡಂತೆ, ಇಂಥ ಹೊತ್ತಿನಲ್ಲಿ ಸರ್ವರ್ ನಿಜವಾಗಿ ನಿಂತುಹೋಗಿರುವುದು ಅಪರೂಪ. ಯಂತ್ರ ಓಡುತ್ತಿರುತ್ತದೆ, ಅದರ ಹಿಂದೆ ದಾಖಲೆಗಳನ್ನು ಇಟ್ಟುಕೊಂಡಿರುವ ಡೇಟಾಬೇಸ್ ಕೂಡ ಓಡುತ್ತಿರುತ್ತದೆ, ಎರಡರ ಪ್ರೊಸೆಸರ್‌ಗಳೂ ಕೆಲಸವಿಲ್ಲದೆ ಕುಳಿತಿರುತ್ತವೆ. ಆದರೆ ಮುಂದೆ ಪರದೆಯಲ್ಲಿ ಕಾಣುವ ತಂತ್ರಾಂಶಕ್ಕೂ ಹಿಂದಿನ ವ್ಯವಸ್ಥೆಗೂ ನಡುವೆ ಇರಬೇಕಾದ ಕನೆಕ್ಷನ್‌ಗಳು, ಅಂದರೆ ಸಂಪರ್ಕದ ದಾರಿಗಳು, ಮಾತ್ರ ಒಂದೂ ಖಾಲಿ ಇರುವುದಿಲ್ಲ. ಆ ಕನೆಕ್ಷನ್‌ಗಳನ್ನು ಕೋಡ್ ಹೇಗೆ ಕೇಳಿ ಪಡೆಯುತ್ತದೆ, ಎಷ್ಟು ಹೊತ್ತು ಇಟ್ಟುಕೊಳ್ಳುತ್ತದೆ, ಯಾವಾಗ ಹಿಂದಿರುಗಿಸುತ್ತದೆ ಎಂಬ ಸಣ್ಣ ಸಂಗತಿಯ ಮೇಲೆ ಕೌಂಟರ್ ಮುಂದಿನ ಸರತಿಯ ಉದ್ದ ನಿರ್ಧಾರವಾಗುತ್ತದೆ ಎಂಬುದನ್ನು ಓದುಗರ, ಅದಕ್ಕಿಂತ ಮುಖ್ಯವಾಗಿ ಟೆಂಡರ್ ಬರೆಯುವ ಅಧಿಕಾರಿಗಳ ಗಮನಕ್ಕೆ ತರಬೇಕಾಗಿದೆ.

ಯಾವುದೇ ದೊಡ್ಡ ಸಂಸ್ಥೆಯಲ್ಲಿ ನಾವು ಪರದೆಯ ಮೇಲೆ ಕಾಣುವ ತಂತ್ರಾಂಶ ತಾನಾಗಿ ಏನನ್ನೂ ಸಂಗ್ರಹಿಸಿಟ್ಟುಕೊಂಡಿರುವುದಿಲ್ಲ. ಲೆಕ್ಕ, ದಾಖಲೆ, ದಾಸ್ತಾನು ಎಲ್ಲವೂ ಹಿಂದಿನ ವ್ಯವಸ್ಥೆಗಳಲ್ಲಿ ಇರುತ್ತವೆ. ವೃತ್ತಿಯವರು ಇವನ್ನು ಒಟ್ಟಾಗಿ ಎಂಟರ್‌ಪ್ರೈಸ್ ಇನ್ಫರ್ಮೇಷನ್ ಸಿಸ್ಟಮ್, ಚಿಕ್ಕದಾಗಿ ಇಐಎಸ್ ಎನ್ನುತ್ತಾರೆ. ಡೇಟಾಬೇಸ್ ಇದರಲ್ಲಿ ಒಂದು ಬಗೆ ಅಷ್ಟೆ. 1969ರಿಂದ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್‌ಗಳಲ್ಲಿ ನಡೆದುಬಂದಿರುವ, ವಹಿವಾಟು ನಡೆಸುವ ಐಬಿಎಂನ ಸಿಐಸಿಎಸ್, 1972ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಎಸ್‌ಎಪಿ ಕಂಪನಿಯ ತಂತ್ರಾಂಶಗಳು, ಇಂಥವೂ ಅದೇ ಸಾಲಿಗೆ ಸೇರುತ್ತವೆ. ಇವುಗಳ ವಯಸ್ಸು, ಭಾಷೆ, ರೀತಿರಿವಾಜು ಬೇರೆ ಬೇರೆ. ಮುಂದಿನ ತಂತ್ರಾಂಶವೋ ಬಹುತೇಕ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. 2000ದ ಆಸುಪಾಸಿನಲ್ಲಿ ಆ ತಂತ್ರಾಂಶವನ್ನು ಓಡಿಸುವ ಅಪ್ಲಿಕೇಶನ್ ಸರ್ವರ್‌ಗಳನ್ನು ಮಾಡುವ ಪ್ರತಿಯೊಂದು ಕಂಪನಿಯೂ ಪ್ರತಿಯೊಂದು ಹಿಂದಿನ ವ್ಯವಸ್ಥೆಗೂ ಪ್ರತ್ಯೇಕ ಸಂಪರ್ಕ ಸಾಧನ ಬರೆಯಬೇಕಾದ ಸ್ಥಿತಿ ಇತ್ತು. ಐದು ಬಗೆಯ ಸರ್ವರ್, ಹತ್ತು ಬಗೆಯ ಹಿಂದಿನ ವ್ಯವಸ್ಥೆ ಎಂದರೆ ಐವತ್ತು ಸಾಧನಗಳು, ಅವುಗಳಿಗೆ ಐವತ್ತು ಬಗೆಯ ತಪ್ಪುಗಳು.

ಇದಕ್ಕೆ ಪರಿಹಾರವಾಗಿ 2001ರಲ್ಲಿ ದೊಡ್ಡ ಸಂಸ್ಥೆಗಳ ಜಾವಾ ತಂತ್ರಾಂಶಕ್ಕೆಂದು ಇರುವ ಜೆ2ಇಇ (ಮುಂದೆ ಜಾವಾ ಇಇ) ನಿಯಮಗಳ 1.3ನೇ ಆವೃತ್ತಿಯ ಜೊತೆಗೆ ಕನೆಕ್ಟರ್ ಆರ್ಕಿಟೆಕ್ಚರ್ ಎಂಬ ಒಂದು ನಿಯಮಾವಳಿ ಬಂತು. ಹಿಂದಿನ ವ್ಯವಸ್ಥೆಯನ್ನು ಮಾರುವವರು ರಿಸೋರ್ಸ್ ಅಡಾಪ್ಟರ್ ಎಂಬ ಒಂದೇ ಒಂದು ಸಂಪರ್ಕ ಸಾಧನ ಬರೆದುಕೊಟ್ಟರೆ ಸಾಕು, ನಿಯಮಾವಳಿಯನ್ನು ಪಾಲಿಸುವ ಯಾವ ಅಪ್ಲಿಕೇಶನ್ ಸರ್ವರ್‌ನಲ್ಲಾದರೂ ಅದು ಕೂರುತ್ತದೆ ಎಂಬುದು ಅದರ ಮೂಲ ಒಪ್ಪಂದ. 2003ರಲ್ಲಿ 1.5, 2009ರಲ್ಲಿ 1.6 ಎಂದು ಪರಿಷ್ಕರಣೆಗಳಾಗಿ, ಜಾವಾ ಇಇ ಎಕ್ಲಿಪ್ಸ್ ಫೌಂಡೇಷನ್ ಎಂಬ ಸಂಸ್ಥೆಗೆ ಹಸ್ತಾಂತರವಾದ ಮೇಲೆ ಇಂದು ಅದು ಜಕಾರ್ತಾ ಕನೆಕ್ಟರ್ಸ್ ಎಂಬ ಹೆಸರಿನಲ್ಲಿ ಉಳಿದಿದೆ. ಡೇಟಾಬೇಸ್‌ಗಳಿಗೆ ಜೆಡಿಬಿಸಿ (ಜಾವಾದಿಂದ ಡೇಟಾಬೇಸ್ ಮುಟ್ಟುವ ಸೌಲಭ್ಯ) ಮತ್ತು ಅದರ ಡೇಟಾಸೋರ್ಸ್ ಎಂಬ ಬೇರೆ ದಾರಿ ಇದೆಯಾದರೂ ಒಳಗಿನ ತತ್ವ ಬೇರೆಯಲ್ಲ. ಈಗಿನ ಹುಡುಗರು ಕನೆಕ್ಟರ್ ಆರ್ಕಿಟೆಕ್ಚರ್ ಎಂದರೆ ಅಜ್ಜನ ಕಾಲದ್ದು ಎಂದು ಮೂಗು ಮುರಿಯುವುದನ್ನು ಕಂಡಿದ್ದೇನೆ. ಅವರು ದಿನಾ ಬಳಸುವ ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನ ಒಳಗೂ ಅದೇ ಶಿಸ್ತು ಇನ್ನೊಂದು ವೇಷದಲ್ಲಿದೆ.

ಆ ಶಿಸ್ತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೋಡ್ ತಾನೇ ಹಿಂದಿನ ವ್ಯವಸ್ಥೆಯ ಬಾಗಿಲು ತಟ್ಟುವುದಿಲ್ಲ. ಮೊದಲು ಜೆಎನ್‌ಡಿಐ ಎಂಬ ಹೆಸರುಪಟ್ಟಿಯಲ್ಲಿ ಹುಡುಕಿ, ಕನೆಕ್ಷನ್‌ಗಳನ್ನು ಕೊಡುವ ಕನೆಕ್ಷನ್ ಫ್ಯಾಕ್ಟರಿಯನ್ನು ಪಡೆಯುತ್ತದೆ, ಅಥವಾ 2006ರ ಜಾವಾ ಇಇ 5ರಿಂದ ಈಚೆಗೆ ಒಂದು ಸಾಲಿನ ಗುರುತು ಹಾಕಿದರೆ ಸರ್ವರ್ ತಾನಾಗಿ ಅದನ್ನು ಕೈಗಿಡುತ್ತದೆ. ಆ ಫ್ಯಾಕ್ಟರಿಗೆ 'ಗೆಟ್‌ಕನೆಕ್ಷನ್' ಎಂದು ಕೇಳಿದಾಗ ಕೋಡ್‌ಗೆ ಸಿಗುವುದು ನಿಜವಾದ ಭೌತಿಕ ಸಂಪರ್ಕವಲ್ಲ, ಅದರ ಹಿಡಿಕೆ ಮಾತ್ರ. ಭೌತಿಕ ಸಂಪರ್ಕಗಳು ಸರ್ವರ್‌ನ ವಶದಲ್ಲಿ ಪೂಲ್ ಎಂಬ ಸಂಗ್ರಹದಲ್ಲಿ ಇರುತ್ತವೆ. ಯಾಕೆಂದರೆ ಪ್ರತಿ ಸಲ ಹೊಸ ಸಂಪರ್ಕ ತೆರೆಯುವುದೆಂದರೆ ಜಾಲದಲ್ಲಿ ಹಲವು ಸಲ ಹೋಗಿಬರಬೇಕು, ಗುರುತು ಪರಿಶೀಲನೆಯಾಗಬೇಕು, ಆ ಬದಿಯಲ್ಲಿ ಕೆಲವೊಮ್ಮೆ ಹೊಸ ಪ್ರೊಸೆಸ್ಸೇ ಹುಟ್ಟಬೇಕು, ಇದೆಲ್ಲ ದುಬಾರಿ. ಕೋಡ್ ಕೆಲಸ ಮುಗಿಸಿ 'ಕ್ಲೋಸ್' ಎಂದಾಗಲೂ ಸಂಪರ್ಕ ಮುಚ್ಚುವುದಿಲ್ಲ. ಅಡಾಪ್ಟರ್ ಸರ್ವರ್‌ಗೆ ಸುದ್ದಿ ಮುಟ್ಟಿಸುತ್ತದೆ, ಸರ್ವರ್ ಅದನ್ನು ಸ್ವಚ್ಛಗೊಳಿಸಿ ಪೂಲ್‌ಗೆ ಮರಳಿಸುತ್ತದೆ. ಊರ ದೇವಸ್ಥಾನದ ಹಂಡೆ, ಕೊಪ್ಪರಿಗೆ, ಸೌಟುಗಳನ್ನು ಮದುವೆ ಮನೆಯವರು ಒಯ್ದು, ಕೆಲಸವಾದ ಮೇಲೆ ತೊಳೆದು ತಂದೊಪ್ಪಿಸುವ ಪದ್ಧತಿ ನೆನಪಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಯ್ದವರು ಅಟ್ಟದ ಮೇಲೆ ಇಟ್ಟು ಮರೆತರೆ ಮುಂದಿನ ಮದುವೆಯ ಅಡುಗೆ ಏರುವುದಿಲ್ಲ.

ಮರೆಯುವುದು ಹೇಗೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಪ್ರಕರಣ ಹೇಳುತ್ತೇನೆ. ಸಂಸ್ಥೆಯ ಹೆಸರು ಇಲ್ಲಿ ಅಪ್ರಸ್ತುತ. ಒಂದು ಹಣಕಾಸು ಸಂಸ್ಥೆಯ ಶಾಖೆಗಳಲ್ಲಿ ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ಇಡೀ ವ್ಯವಸ್ಥೆ ಸ್ತಬ್ಧವಾಗುತ್ತಿತ್ತು, ಕೆಲವು ದಿನ ಏನೂ ಆಗುತ್ತಿರಲಿಲ್ಲ. ಜನಜಂಗುಳಿ ಇದ್ದ ದಿನವೇ ಆಗುತ್ತದೆ ಎಂದು ಹೇಳುವಂತೆಯೂ ಇರಲಿಲ್ಲ. ಮೇಲಿನವರು ಮೆಮೊರಿ ಹೆಚ್ಚಿಸಿದರು, ಇನ್ನೊಂದು ಯಂತ್ರ ತರಿಸಿದರು, ಕೊನೆಗೆ ಊಟದ ವಿರಾಮದಲ್ಲಿ ದಿನಾ ಒಮ್ಮೆ ರೀಸ್ಟಾರ್ಟ್ ಮಾಡಿಬಿಡಿ ಎಂದು ಮೌಖಿಕ ಆದೇಶವನ್ನೂ ಕೊಟ್ಟರು. ರೀಸ್ಟಾರ್ಟ್ ಮಾಡಿದ ಕೂಡಲೇ ಸರಿಹೋಗುತ್ತಿದ್ದುದರಿಂದ ಯಂತ್ರದ್ದೇ ದೋಷವೆಂಬ ನಂಬಿಕೆ ಇನ್ನಷ್ಟು ಬಲವಾಯಿತು. ಒಮ್ಮೆ ಸ್ತಬ್ಧವಾಗಿದ್ದಾಗ ರೀಸ್ಟಾರ್ಟ್ ಮಾಡುವ ಮುಂಚೆ ಥ್ರೆಡ್‌ಗಳು, ಅಂದರೆ ಒಂದೊಂದು ಕೋರಿಕೆಯ ಕೆಲಸ ಮಾಡುವ ಎಳೆಗಳು, ಎಲ್ಲೆಲ್ಲಿ ನಿಂತಿವೆ ಎಂದು ತೋರಿಸುವ ಥ್ರೆಡ್ ಡಂಪ್ ತೆಗೆದು ನೋಡಿದಾಗ ಅವೆಲ್ಲ ಕೋಡ್‌ನ ಒಂದೇ ಸಾಲಿನ ಮೇಲೆ, ಗೆಟ್‌ಕನೆಕ್ಷನ್ ಎಂಬಲ್ಲಿ, ಕಾಯುತ್ತ ನಿಂತಿದ್ದವು. ಹಿಂದಿನ ಡೇಟಾಬೇಸ್‌ನ ಕಡೆಯಿಂದ ನೋಡಿದರೆ ಸಂಪರ್ಕಗಳೆಲ್ಲ ತೆರೆದೇ ಇದ್ದವು, ಆದರೆ ಒಂದೂ ಕೆಲಸ ಮಾಡುತ್ತಿರಲಿಲ್ಲ. ಯಾರೋ ಒಯ್ದಿದ್ದಾರೆ, ಆದರೆ ಒಯ್ದವರು ಎಲ್ಲಿದ್ದಾರೋ ಗೊತ್ತಿಲ್ಲ ಎಂಬ ಸ್ಥಿತಿ.

ದೋಷ ಸಿಕ್ಕಿದ್ದು ಪಾಸ್‌ಬುಕ್ ಮುದ್ರಣದ ಕೋಡ್‌ನಲ್ಲಿ. ಅದು ಕನೆಕ್ಷನ್ ತೆಗೆದುಕೊಂಡು, ಕಳೆದ ಮುದ್ರಣದ ನಂತರ ಖಾತೆಯಲ್ಲಿ ವಹಿವಾಟು ನಡೆದಿದೆಯೇ ಎಂದು ನೋಡಿ, ನಡೆದಿದ್ದರೆ ಮುದ್ರಿಸಿ, ಕನೆಕ್ಷನ್ ಹಿಂದಿರುಗಿಸುತ್ತಿತ್ತು. ನಡೆದಿಲ್ಲದಿದ್ದರೆ 'ಮುದ್ರಿಸಲು ಏನೂ ಇಲ್ಲ' ಎಂದು ಅಲ್ಲಿಂದಲೇ ಹೊರಟುಬಿಡುತ್ತಿತ್ತು, ಕ್ಲೋಸ್ ಎಂಬ ಸಾಲಿಗೆ ತಲುಪುತ್ತಲೇ ಇರಲಿಲ್ಲ. ಹೀಗಾಗಿ ವಹಿವಾಟೇ ಇಲ್ಲದ ಖಾತೆಯವರು ಪಾಸ್‌ಬುಕ್ ತಂದಾಗಲೆಲ್ಲ ಒಂದೊಂದು ಕನೆಕ್ಷನ್ ಕಾಣೆಯಾಗುತ್ತಿತ್ತು. ವಿಧವಾ ವೇತನವೋ ವೃದ್ಧಾಪ್ಯ ವೇತನವೋ ಜಮೆಯಾಗಿದೆಯೇ ಎಂದು ನೋಡಿಕೊಂಡು ಹೋಗಲು ಹಿರಿಯರು ಬರುವ ದಿನಗಳಲ್ಲಿ, ಅದರಲ್ಲೂ ಹಣ ಬರುವುದು ತಡವಾದ ತಿಂಗಳಲ್ಲಿ, ಪೂಲ್ ಮಧ್ಯಾಹ್ನದ ಹೊತ್ತಿಗೇ ಬರಿದಾಗುತ್ತಿತ್ತು. ಹಣ ಬಂದ ತಿಂಗಳಲ್ಲಿ ಏನೂ ಆಗುತ್ತಿರಲಿಲ್ಲ. ತಿದ್ದುಪಡಿಗೆ ಬೇಕಾದದ್ದು ಮೂರು ಸಾಲು. ಅಷ್ಟರಲ್ಲಿ ಖರೀದಿಸಿದ್ದ ಯಂತ್ರ ಅಲ್ಲೇ ಉಳಿಯಿತು.

ಕೋಡ್ ಸುಸೂತ್ರವಾಗಿ ನಡೆದಾಗ ಕನೆಕ್ಷನ್ ಹಿಂದಿರುಗಿಸುವುದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಅಡ್ಡದಾರಿಗಳಲ್ಲಿ: ದಾಖಲೆ ಸಿಗದಾಗ, ಆಧಾರ್ ಸಂಖ್ಯೆ ಹೊಂದಾಣಿಕೆಯಾಗದಾಗ, ನಡುವೆ ಎಕ್ಸೆಪ್ಷನ್ (ಅನಿರೀಕ್ಷಿತ ದೋಷ) ಎದ್ದಾಗ. 2011ರ ಜಾವಾ 7ರಲ್ಲಿ ಬಂದ ಹೊಸ ಬಗೆಯ ಟ್ರೈ ವಾಕ್ಯ ಬಳಸಿದರೆ ಯಾವ ದಾರಿಯಿಂದ ಹೊರಬಿದ್ದರೂ ಕ್ಲೋಸ್ ತಾನಾಗಿ ನಡೆಯುತ್ತದೆ. ಇಷ್ಟು ವರ್ಷಗಳಾದ ಮೇಲೂ ಅದನ್ನು ಬಳಸದ ಕೋಡ್ ಹೊಸದಾಗಿ ಬರೆಯಲ್ಪಡುತ್ತಿದೆ ಎಂಬುದು ನನಗೆ ಆಶ್ಚರ್ಯವನ್ನೇನೂ ತರುವುದಿಲ್ಲ. ಹಳೆಯ ಫೈಲ್ ನಕಲು ಮಾಡಿ ಹೊಸ ಫೈಲ್ ಶುರು ಮಾಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ.

ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಚಾಳಿಯಿದೆ. ಕೇಳಿ ಪಡೆಯುವ, ಹಿಂದಿರುಗಿಸುವ ರಗಳೆಯೇ ಬೇಡವೆಂದು ಒಂದೇ ಕನೆಕ್ಷನ್ ತೆರೆದು ಅದನ್ನು ಸ್ಟ್ಯಾಟಿಕ್ ಆಗಿ, ಅಂದರೆ ಇಡೀ ತಂತ್ರಾಂಶಕ್ಕೆ ಒಂದೇ ಆಗಿ, ಇಟ್ಟುಕೊಂಡು ಎಲ್ಲ ಬಳಕೆದಾರರಿಗೂ ಅದನ್ನೇ ಬಳಸುವುದು. ಪರೀಕ್ಷೆಯ ದಿನ ಮೇಜಿನ ಮುಂದೆ ಒಬ್ಬರೇ ಕುಳಿತು ನೋಡಿದಾಗ ಇದು ಬಹಳ ವೇಗವಾಗಿ ಓಡುತ್ತದೆ, ಅನುಮೋದನೆಯೂ ಸಿಕ್ಕಿಬಿಡುತ್ತದೆ. ಆಮೇಲೆ ಇಬ್ಬರು ಒಂದೇ ಕ್ಷಣದಲ್ಲಿ ಬಂದರೆಂದರೆ ಒಬ್ಬರ ಅರ್ಧ ನಡೆದ ಕೆಲಸವನ್ನು ಇನ್ನೊಬ್ಬರ ಕಮಿಟ್ ಖಾಯಂ ಮಾಡಿಬಿಡುತ್ತದೆ, ಅಥವಾ ಒಬ್ಬರ ರೋಲ್‌ಬ್ಯಾಕ್ (ಕೆಲಸ ರದ್ದು) ಇನ್ನೊಬ್ಬರ ಇನ್ನೂ ಖಾಯಂ ಆಗದ ಕೆಲಸವನ್ನು ಅಳಿಸಿಹಾಕುತ್ತದೆ. ಹಿಂದಿನ ಪ್ರಕರಣದಲ್ಲಿ ಜನ ಕಾಯಬೇಕಾಗಿತ್ತು, ಇಲ್ಲಿ ದಾಖಲೆಯೇ ತಪ್ಪಾಗುತ್ತದೆ. ಫ್ಯಾಕ್ಟರಿಯನ್ನು ಒಮ್ಮೆ ಹುಡುಕಿ ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಅದು ಹಂಚಿಕೊಳ್ಳಲೆಂದೇ ಇರುವಂಥದ್ದು, ಕನೆಕ್ಷನ್ ಹಾಗಲ್ಲ.

ಹಿಂದಿರುಗಿಸಿದರೂ ತಡವಾಗಿ ಹಿಂದಿರುಗಿಸುವ ಕೋಡ್‌ನಿಂದ ಆಗುವ ಹಾನಿಯನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಒಂದು ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಮಂದಿ ಇರುತ್ತಾರೆ ಎಂಬುದು, ಅವರು ಬರುವ ವೇಗವನ್ನು ಒಬ್ಬೊಬ್ಬರು ಒಳಗೆ ಇರುವ ಹೊತ್ತಿನಿಂದ ಗುಣಿಸಿದಷ್ಟಾಗುತ್ತದೆ ಎಂಬುದನ್ನು 1961ರಲ್ಲಿ ಜಾನ್ ಲಿಟಲ್ ಗಣಿತದಿಂದ ಸಾಧಿಸಿ ತೋರಿಸಿದ್ದಾರೆ. ಸೆಕೆಂಡಿಗೆ 100 ಕೋರಿಕೆಗಳು ಬರುತ್ತಿದ್ದು, ಪ್ರತಿಯೊಂದೂ ಕನೆಕ್ಷನ್ನನ್ನು 50 ಮಿಲಿಸೆಕೆಂಡು ಮಾತ್ರ ಹಿಡಿದಿಟ್ಟುಕೊಂಡರೆ, ಒಮ್ಮೆಗೆ ಬೇಕಾಗುವ ಕನೆಕ್ಷನ್‌ಗಳು ಸರಾಸರಿ ಐದು. ಅದೇ ಕೋಡ್ ಕನೆಕ್ಷನ್ ಕೈಯಲ್ಲಿ ಹಿಡಿದುಕೊಂಡೇ ಒಟಿಪಿ ಎಸ್‌ಎಂಎಸ್ ಕಳಿಸಿ, ಎಸ್‌ಎಂಎಸ್ ಕಂಪನಿಯ ಉತ್ತರಕ್ಕಾಗಿ ಮೂರು ಸೆಕೆಂಡು ಕಾದಿತು ಎಂದುಕೊಳ್ಳಿ. ಆಗ ಬೇಕಾಗುವುದು 300ಕ್ಕೂ ಹೆಚ್ಚು. ಜನ ಹೆಚ್ಚಾಗಲಿಲ್ಲ, ಡೇಟಾಬೇಸ್‌ನ ಕೆಲಸ ಹೆಚ್ಚಾಗಲಿಲ್ಲ, ಎಸ್‌ಎಂಎಸ್ ಕಳಿಸುವ ಸಾಲನ್ನು ಕ್ಲೋಸ್‌ಗಿಂತ ಮೇಲೆ ಬರೆದದ್ದಷ್ಟೇ ಆದದ್ದು. ಎರಡು ಸಾಲುಗಳ ಸ್ಥಾನ ಅದಲುಬದಲು ಮಾಡಿದರೆ ತೀರುವ ಸಮಸ್ಯೆಗೆ 'ಬಳಕೆದಾರರ ಸಂಖ್ಯೆ ಹೆಚ್ಚಾಗಿದೆ' ಎಂದು ವರದಿ ಹೋಗುತ್ತದೆ.

ಹೊಸ ಯಂತ್ರ ಸೇರಿಸುವುದರಿಂದ ಇಂಥ ಸ್ಥಿತಿ ಕೆಲವೊಮ್ಮೆ ಇನ್ನೂ ಹದಗೆಡುತ್ತದೆ. ಹಿಂದಿನ ಡೇಟಾಬೇಸ್ ಎಷ್ಟು ಸಂಪರ್ಕಗಳನ್ನು ಒಪ್ಪುತ್ತದೆ ಎಂಬುದಕ್ಕೆ ಒಂದು ಮಿತಿ ಇರುತ್ತದೆ. ಯಾರೂ ಬದಲಿಸದಿದ್ದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಅದು 100, ಮೈಎಸ್‌ಕ್ಯುಎಲ್ ಎಂಬುದರಲ್ಲಿ 151. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಸಂಪರ್ಕಕ್ಕೂ ಪ್ರತ್ಯೇಕ ಪ್ರೊಸೆಸ್ ಇರುವುದರಿಂದ ಮಿತಿಯನ್ನು ಮನಬಂದಂತೆ ಏರಿಸುವುದೂ ಕ್ಷೇಮವಲ್ಲ. ಮುಂದೆ ನಾಲ್ಕು ಅಪ್ಲಿಕೇಶನ್ ಸರ್ವರ್‌ಗಳಿದ್ದು ಒಂದೊಂದರಲ್ಲೂ 25ರ ಪೂಲ್ ಇದ್ದಾಗ ಎಲ್ಲವೂ ಅಂಚಿನಲ್ಲಿ ನಡೆಯುತ್ತಿರುತ್ತದೆ. ಐದನೆಯದನ್ನು ಸೇರಿಸಿದ ದಿನ ಡೇಟಾಬೇಸ್ ಹೊಸ ಸಂಪರ್ಕಗಳನ್ನು ತಿರಸ್ಕರಿಸಲು ತೊಡಗುತ್ತದೆ. ಖರೀದಿ ಮಾಡಿದವರಿಗೆ ಇದು ಅರ್ಥವಾಗುವುದೇ ಇಲ್ಲ, ದುಡ್ಡು ಸುರಿದ ಮೇಲೆ ತೊಂದರೆ ಹೆಚ್ಚಾಗಲು ಹೇಗೆ ಸಾಧ್ಯ ಎಂದು ಸರಬರಾಜುದಾರರನ್ನು ಕರೆಸಿ ಬೈಯುತ್ತಾರೆ.

ಪೂಲ್ ಚಿಕ್ಕದಾಗಿದ್ದಾಗ ಒಂದೇ ಕೋರಿಕೆ ಎರಡು ಕನೆಕ್ಷನ್ ಕೇಳುವ ಕೋಡ್ ಕೂಡ ಅಪಾಯಕಾರಿ. ಹತ್ತು ಕನೆಕ್ಷನ್‌ಗಳ ಪೂಲ್‌ನಿಂದ ಹತ್ತು ಕೋರಿಕೆಗಳು ಒಂದೊಂದನ್ನು ಪಡೆದು, ಅದನ್ನು ಬಿಡದೆ ಎರಡನೆಯದಕ್ಕಾಗಿ ಕೈಚಾಚಿದರೆ ಯಾರಿಗೂ ಎರಡನೆಯದು ಸಿಗುವುದಿಲ್ಲ, ಯಾರೂ ಮೊದಲನೆಯದನ್ನು ಬಿಡುವುದಿಲ್ಲ. ಹನ್ನೊಂದನೆಯ ಕನೆಕ್ಷನ್ ಒಂದಿದ್ದರೆ ಒಬ್ಬರ ಕೆಲಸ ಮುಗಿದು ಗಂಟು ಬಿಚ್ಚಿಕೊಳ್ಳುತ್ತದೆ. ಒಂದೇ ಟ್ರಾನ್ಸಾಕ್ಷನ್‌ನ (ಪೂರ್ತಿ ಆಗಬೇಕಾದ ಅಥವಾ ಪೂರ್ತಿ ಬಿಡಬೇಕಾದ ಕೆಲಸದ) ಒಳಗೆ ಎರಡನೆಯ ಸಲ ಕೇಳಿದಾಗ ಅದೇ ಭೌತಿಕ ಸಂಪರ್ಕವನ್ನು ಹಂಚಿಕೊಡುವ ಸೌಲಭ್ಯ ಕನೆಕ್ಟರ್ ನಿಯಮಾವಳಿಯಲ್ಲಿ ಮೊದಲಿನಿಂದಲೂ ಇದೆ. ಅದನ್ನು ಓದಿದವರು ಕಡಿಮೆ.

ಕಾಯುವ ಅವಧಿಯ ವಿಷಯಕ್ಕೆ ಬರುತ್ತೇನೆ. ಪೂಲ್ ಬರಿದಾಗಿದ್ದಾಗ ಕೋಡ್ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನಿಗದಿಪಡಿಸಬಹುದು. ಹಿಕಾರಿ ಎಂಬ ಜನಪ್ರಿಯ ಪೂಲ್‌ನಲ್ಲಿ ಅದು ಮೂಲತಃ 30 ಸೆಕೆಂಡು, ಐಬಿಎಂನ ವೆಬ್‌ಸ್ಫಿಯರ್ ಎಂಬ ಅಪ್ಲಿಕೇಶನ್ ಸರ್ವರ್‌ನಲ್ಲಿ 180 ಸೆಕೆಂಡು. ಮೂರು ನಿಮಿಷ ಬಿಳಿ ಪರದೆ ನೋಡುತ್ತ ಕೂರುವ ಮನುಷ್ಯ ಇಲ್ಲ. ಕೌಂಟರಿನ ಸಿಬ್ಬಂದಿ ಅರ್ಧ ನಿಮಿಷಕ್ಕೇ ಪುಟವನ್ನು ರಿಫ್ರೆಶ್ ಮಾಡುತ್ತಾರೆ. ಅವರ ಮೊದಲ ಕೋರಿಕೆ ಒಳಗೆ ಕಾಯುತ್ತಲೇ ಇರುತ್ತದೆ, ಎರಡನೆಯದು ಅದರ ಹಿಂದೆ ಸೇರಿಕೊಳ್ಳುತ್ತದೆ, ಮೂರನೆಯದು ಅದರ ಹಿಂದೆ. ಕನೆಕ್ಷನ್ ಸಿಕ್ಕಾಗ ಅದು ಹೋಗುವುದು ಯಾರೂ ಕಾಯದೇ ಇರುವ ಮೊದಲ ಕೋರಿಕೆಗೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ಗಳಿಗೆಯಲ್ಲೋ ಬೆಳಿಗ್ಗೆ ತತ್ಕಾಲ್ ಟಿಕೆಟ್ ತೆರೆದ ಕ್ಷಣದಲ್ಲೋ ಲಕ್ಷಾಂತರ ಜನ ಒಟ್ಟಿಗೆ ಬರುವ ಕಡೆ ಐದು ಸೆಕೆಂಡಿನಲ್ಲೇ 'ಈಗ ಆಗುವುದಿಲ್ಲ, ಎರಡು ನಿಮಿಷ ಬಿಟ್ಟು ಪ್ರಯತ್ನಿಸಿ' ಎಂದು ಸ್ಪಷ್ಟವಾಗಿ ಹೇಳಿ ಕಳಿಸುವುದೇ ಹೆಚ್ಚು ಮರ್ಯಾದೆಯ ಕೆಲಸವೆಂದು ನನ್ನ ಅಭಿಪ್ರಾಯ.

ಬೆಳಿಗ್ಗೆ ಕಚೇರಿ ತೆರೆದಾಗ ಮೊದಲ ಒಂದೆರಡು ಅರ್ಜಿಗಳು ಮಾತ್ರ ವಿಫಲವಾಗಿ ಆಮೇಲೆ ಸರಿಹೋಗುವುದನ್ನು ಹಲವರು ಕಂಡಿರಬಹುದು. ಅದರ ಕಾರಣವೂ ಇಲ್ಲೇ ಇರುವ ಸಾಧ್ಯತೆ ಹೆಚ್ಚು. ಮೈಎಸ್‌ಕ್ಯುಎಲ್ ಎಂಟು ಗಂಟೆ ಸುಮ್ಮನಿರುವ ಸಂಪರ್ಕವನ್ನು ತಾನಾಗಿ ಕತ್ತರಿಸುತ್ತದೆ. ಸಂಜೆ ಆರಕ್ಕೆ ಬೀಗ ಹಾಕಿ ಬೆಳಿಗ್ಗೆ ಹತ್ತಕ್ಕೆ ತೆರೆಯುವ ಕಚೇರಿಯಲ್ಲಿ ಪೂಲ್‌ನಲ್ಲಿರುವ ಸಂಪರ್ಕಗಳೆಲ್ಲ ಸತ್ತಿರುತ್ತವೆ, ಪೂಲ್‌ಗೆ ಮಾತ್ರ ಅದು ಗೊತ್ತಿರುವುದಿಲ್ಲ. ಕೊಡುವ ಮುಂಚೆ ಒಮ್ಮೆ ಜೀವ ಇದೆಯೇ ಎಂದು ಪರೀಕ್ಷಿಸಿ ಕೊಡುವಂತೆ ಪೂಲ್‌ಗೆ ಸೂಚಿಸಿದರೆ ಮುಗಿಯಿತು.

ಕೋಡ್ ಸರ್ವರ್‌ನ ಮೂಲಕವೇ ಕನೆಕ್ಷನ್ ಪಡೆಯಬೇಕು ಎನ್ನುವುದಕ್ಕೆ ವೇಗಕ್ಕಿಂತ ದೊಡ್ಡ ಕಾರಣಗಳು ಎರಡಿವೆ. ವಿಮೆಯ ಕಂತು ಕಟ್ಟಿದಾಗ ಒಂದು ವ್ಯವಸ್ಥೆಯಲ್ಲಿ ಹಣ ಕಡಿತವಾಗಬೇಕು, ಇನ್ನೊಂದರಲ್ಲಿ ಪಾಲಿಸಿ ಚಾಲ್ತಿಗೆ ಬರಬೇಕು. ಎರಡೂ ಆಗಬೇಕು ಅಥವಾ ಎರಡೂ ಆಗಬಾರದು. ಸರ್ವರ್ ಕೊಟ್ಟ ಕನೆಕ್ಷನ್‌ಗಳಾದರೆ, ಹಿಂದಿನ ಎರಡೂ ವ್ಯವಸ್ಥೆಗಳು ಎಕ್ಸ್‌ಎ ನಿಯಮವನ್ನು ಪಾಲಿಸುವಂಥವಾದರೆ, ಸರ್ವರ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ಸೇರಿಸಿ, ಮೊದಲು ಇಬ್ಬರಿಂದಲೂ ಒಪ್ಪಿಗೆ ಪಡೆದು, ಆಮೇಲೆ ಖಾಯಂ ಮಾಡುತ್ತದೆ. ಕೋಡ್ ಬರೆದವರು ಜೆಡಿಬಿಸಿಯ ಡ್ರೈವರ್‌ಮ್ಯಾನೇಜರ್ ಮೂಲಕ ತಮ್ಮದೇ ಕನೆಕ್ಷನ್ ತೆರೆದುಕೊಂಡರೆ ಅದರ ಸುಳಿವೇ ಸರ್ವರ್‌ಗೆ ಇರುವುದಿಲ್ಲ, ಹಣ ಹೋಗಿ ಪಾಲಿಸಿ ಬಾರದೆ ಇರುವ ಪ್ರಕರಣಗಳಿಗೆ ದಾರಿ ತೆರೆದುಕೊಳ್ಳುತ್ತದೆ. ಇನ್ನೊಂದು ಕಾರಣ ಪಾಸ್‌ವರ್ಡ್. ಹಿಂದಿನ ವ್ಯವಸ್ಥೆಯೊಳಗೆ ಪ್ರವೇಶಿಸುವ ಹೆಸರು, ಗುಪ್ತಪದಗಳನ್ನು ಸರ್ವರ್ ನಿಭಾಯಿಸುವಂತೆ ಬಿಟ್ಟರೆ ಅವು ಕೋಡ್‌ನಲ್ಲಿ ಇರಬೇಕಾಗಿಲ್ಲ. ಡ್ರೈವರ್‌ಮ್ಯಾನೇಜರ್ ದಾರಿ ಹಿಡಿದವರು ಸಾಮಾನ್ಯವಾಗಿ ಅವನ್ನು ಕೋಡ್‌ನ ಒಂದು ಸಾಲಿನಲ್ಲೇ ಬರೆದಿಟ್ಟಿರುತ್ತಾರೆ. ಆ ಫೈಲು ಗುತ್ತಿಗೆ ನೌಕರರ ಲ್ಯಾಪ್‌ಟಾಪ್‌ಗಳಲ್ಲಿ, ಪೆನ್‌ಡ್ರೈವ್‌ಗಳಲ್ಲಿ, ಕೆಲವೊಮ್ಮೆ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಜಾಲತಾಣದಲ್ಲಿ ಊರೆಲ್ಲ ತಿರುಗುತ್ತಿರುತ್ತದೆ.

ಡ್ರೈವರ್‌ಮ್ಯಾನೇಜರ್ ದಾರಿ ಹಿಡಿಯುವವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ, ಏಕೆಂದರೆ ಅವರು ಕಾಲೇಜಿನಲ್ಲಿ ಕಲಿತದ್ದು ಅದನ್ನೇ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಜೆಡಿಬಿಸಿ ಪ್ರಯೋಗವೆಂದರೆ ಒಂದು ಕನೆಕ್ಷನ್ ತೆರೆದು, ವಿದ್ಯಾರ್ಥಿಗಳ ಪಟ್ಟಿಯೊಂದನ್ನು ಪರದೆಗೆ ತಂದು, ರೆಕಾರ್ಡ್ ಬುಕ್‌ಗೆ ಸಹಿ ಹಾಕಿಸಿಕೊಳ್ಳುವುದು. ಒಬ್ಬನೇ ವಿದ್ಯಾರ್ಥಿ, ಒಂದೇ ಯಂತ್ರ, ಪ್ರೋಗ್ರಾಮ್ ಮುಗಿದೊಡನೆ ಕನೆಕ್ಷನ್ ಕೂಡ ಸಾಯುತ್ತದೆ. ಅಲ್ಲಿ ಮರೆವಿಗೆ ಶಿಕ್ಷೆಯೇ ಇಲ್ಲ. ಅದೇ ಪ್ರಯೋಗವನ್ನು ಐದು ಕನೆಕ್ಷನ್‌ಗಳ ಪೂಲ್ ಮೇಲೆ ನಡೆಸಿ, ಇಪ್ಪತ್ತು ಕೋರಿಕೆಗಳನ್ನು ಒಟ್ಟಿಗೆ ಬಿಟ್ಟು, ಕ್ಲೋಸ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಒಂದು ಮಧ್ಯಾಹ್ನ ತೋರಿಸಿದರೆ ಸಾಕು. ಇದಕ್ಕೆ ಪಠ್ಯಕ್ರಮ ಬದಲಿಸಬೇಕಾಗಿಲ್ಲ, ಆಸಕ್ತಿ ಇರುವ ಅಧ್ಯಾಪಕರೊಬ್ಬರಿದ್ದರೆ ಆಗುತ್ತದೆ.

ಸರ್ಕಾರಿ ಖರೀದಿಯಲ್ಲಿ ಬದಲಾಗಬೇಕಾದದ್ದು ಮಾತ್ರ ಹೆಚ್ಚಿದೆ. ನಾನು ಓದಿರುವ ಟೆಂಡರ್ ದಾಖಲೆಗಳಲ್ಲಿ ಎಷ್ಟು ಕೋರ್, ಎಷ್ಟು ಗಿಗಾಬೈಟ್, ಏಕಕಾಲಕ್ಕೆ ಎಷ್ಟು ಬಳಕೆದಾರರು ಎಂಬ ಅಂಕಿಗಳು ಪುಟಗಟ್ಟಲೆ ಇರುತ್ತವೆ. ಒಂದು ಕೋರಿಕೆ ಒಂದು ಕನೆಕ್ಷನ್ನನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬಹುದು ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ತಂತ್ರಾಂಶವನ್ನು ಒಪ್ಪಿಸಿಕೊಳ್ಳುವಾಗ ಪೂಲ್ ಗಾತ್ರವನ್ನು ಬೇಕೆಂದೇ ಎರಡಕ್ಕೆ ಇಳಿಸಿ, ತಪ್ಪು ಮಾಹಿತಿ ಕೊಟ್ಟು, ನಡುವೆ ಜಾಲದ ಕೇಬಲ್ ಕಿತ್ತು, ದಿನವಿಡೀ ಓಡಿಸಿದ ಮೇಲೂ ಆ ಎರಡೂ ಕನೆಕ್ಷನ್‌ಗಳು ಪೂಲ್‌ನಲ್ಲಿ ಉಳಿದಿವೆಯೇ ಎಂದು ನೋಡುವುದು ಖರ್ಚಿಲ್ಲದ ಪರೀಕ್ಷೆ. ಸೋರಿಕೆ ಇದ್ದರೆ ಎರಡು ಕನೆಕ್ಷನ್‌ಗಳ ಪೂಲ್‌ನಲ್ಲಿ ಅದು ಬೆಳಿಗ್ಗೆಯೇ ಗೊತ್ತಾಗುತ್ತದೆ, 100ರ ಪೂಲ್‌ನಲ್ಲಿ ಮೂರು ತಿಂಗಳ ಮೇಲೆ, ಗುತ್ತಿಗೆದಾರರ ಅಂತಿಮ ಬಿಲ್ ಪಾಸಾದ ನಂತರ. ಹಿಕಾರಿಯಂಥ ಪೂಲ್‌ಗಳಲ್ಲಿ ಇಂತಿಷ್ಟು ಹೊತ್ತಿಗಿಂತ ಹೆಚ್ಚು ಕಾಲ ಕನೆಕ್ಷನ್ ಇಟ್ಟುಕೊಂಡ ಕೋಡ್ ಯಾವುದೆಂದು ಸಾಲಿನ ಸಂಖ್ಯೆ ಸಮೇತ ಲಾಗ್‌ಗೆ (ದಿನಚರಿ ಕಡತಕ್ಕೆ) ಬರೆಯುವ ಸೌಲಭ್ಯವಿದೆ. ಮೂಲತಃ ಅದು ಆಫ್ ಆಗಿರುತ್ತದೆ, ಆನ್ ಮಾಡಿರಬೇಕು ಎಂದು ಕರಾರಿನಲ್ಲಿ ಬರೆಯಬಹುದು.

ಸಕಾಲ ಕಾಯ್ದೆಯ ಮಾತನ್ನೂ ಇಲ್ಲಿ ಎತ್ತಬೇಕಾಗಿದೆ. 2011ರ ಆ ಕಾಯ್ದೆಯ ಪ್ರಕಾರ ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಸಲ್ಲಬೇಕು. ಆದರೆ ಅವಧಿಯ ಲೆಕ್ಕ ಶುರುವಾಗುವುದು ಅರ್ಜಿ ದಾಖಲಾಗಿ ಸ್ವೀಕೃತಿ ಸಂಖ್ಯೆ ಸಿಕ್ಕ ಮೇಲೆ. ಅರ್ಜಿಯನ್ನು ದಾಖಲಿಸಲು ಬೇಕಾದ ಕನೆಕ್ಷನ್ನೇ ಸಿಗದೆ ಅರ್ಜಿದಾರ ಮೂರು ದಿನ ಬಸ್ ಹತ್ತಿ ಇಳಿದರೆ ಆ ಮೂರು ದಿನಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆ ದಿನಗಳಲ್ಲಿ ವ್ಯವಸ್ಥೆ ಎಷ್ಟು ಹೊತ್ತು ಉತ್ತರಿಸಲಿಲ್ಲ ಎಂಬುದನ್ನು ಕಚೇರಿವಾರು ಪ್ರಕಟಿಸುವ ಪದ್ಧತಿಯಾದರೂ ಬರಬೇಕು.

ಕೊನೆಯದಾಗಿ ತಮ್ಮ ವರದಿಗಾರರಲ್ಲಿ ಒಂದು ವಿನಂತಿ. 'ತಾಂತ್ರಿಕ ದೋಷದಿಂದ ಸೇವೆ ವ್ಯತ್ಯಯ' ಎಂಬ ಹೇಳಿಕೆ ಬಂದಾಗ ಅದನ್ನು ಹಾಗೆಯೇ ಅಚ್ಚು ಹಾಕದೆ, ಆ ಹೊತ್ತಿನಲ್ಲಿ ಪೂಲ್‌ನ ಗರಿಷ್ಠ ಮಿತಿ ಎಷ್ಟಿತ್ತು, ಬಳಕೆಯಲ್ಲಿ ಎಷ್ಟಿದ್ದವು, ಎಷ್ಟು ಕೋರಿಕೆಗಳು ಕಾಯುತ್ತಿದ್ದವು ಎಂದು ದಯವಿಟ್ಟು ಕೇಳಬೇಕು. ಈ ಮೂರೂ ಅಂಕಿಗಳನ್ನು ಅಪ್ಲಿಕೇಶನ್ ಸರ್ವರ್‌ನ ಮೇಲ್ವಿಚಾರಣಾ ಪರದೆಯಲ್ಲಿ ನೋಡಬಹುದು, ದಾಖಲಿಸಿಯೂ ಇಡಬಹುದು. ದೇಶದ ಕಂಪ್ಯೂಟರ್ ಸುರಕ್ಷಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕಾಗಿರುವುದರಿಂದ 'ಹಳೆಯ ಮಾಹಿತಿ ಲಭ್ಯವಿಲ್ಲ' ಎಂಬ ಉತ್ತರವನ್ನು ಸುಲಭವಾಗಿ ಒಪ್ಪಬೇಕಾಗಿಲ್ಲ. ಬಳಕೆಯಲ್ಲಿದ್ದ ಕನೆಕ್ಷನ್‌ಗಳು ಮಿತಿಯನ್ನು ಮುಟ್ಟಿದ್ದು, ಅದೇ ಹೊತ್ತಿನಲ್ಲಿ ಡೇಟಾಬೇಸ್‌ನ ಪ್ರೊಸೆಸರ್ ಬಿಡುವಾಗಿ ಇತ್ತು ಎಂದಾದರೆ, ಹೊಸ ಸರ್ವರ್‌ಗೆ ಪ್ರಸ್ತಾವ ಸಲ್ಲಿಸುವ ಮುಂಚೆ ಕೋಡ್ ಬರೆದವರನ್ನು ಕರೆಸಬೇಕು.

ವಂದನೆಗಳೊಂದಿಗೆ,

ತಮ್ಮ ಓದುಗ,
ನಿವೃತ್ತ ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು